ಮಳೆಗೆ ಹೆದರಿದ ಮಗಳು, ಜೊತೆಗೆ ನಿಂತ ಹತ್ತು ಮಂದಿ

ಮಸ್ಕತ್ ವಿಮಾನ ನಿಲ್ದಾಣದಿಂದ ಹೊರಬಿದ್ದು ಸುಲ್ತಾನ್ ಖಾಬೂಸ್ ಹೆದ್ದಾರಿಯಲ್ಲಿ ಪಟ್ಟಣದ ಕಡೆ ಹೊರಟರೆ, ಎಡಗಡೆಗೆ ಸಮುದ್ರದವರೆಗೂ ಹರಡಿಕೊಂಡಿರುವುದೇ ನಮ್ಮ ಅಲ್ ಅಜೈಬಾ. ಬಿಳಿ ಬಣ್ಣದ ಮನೆಗಳು, ಗೋಡೆಯಾಚೆ ಬಾಗಿದ ಬೋಗನ್‌ವಿಲ್ಲಾ, ಬೆಳಗಿನ ಹೊತ್ತು ದಡಕ್ಕೆ ಬರುವ ಮೀನುಗಾರರ ದೋಣಿ. ವರ್ಷದ ಹತ್ತು ತಿಂಗಳು ಇಲ್ಲಿ ಮೋಡ ಕಂಡರೆ ಜನ ಫೋಟೊ ತೆಗೆಯುತ್ತಾರೆ. ಮಸ್ಕತ್‌ನಲ್ಲಿ ಇಡೀ ವರ್ಷ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ನಮ್ಮೂರು ತೀರ್ಥಹಳ್ಳಿಯ ಕಡೆ. ಪಕ್ಕದ ಆಗುಂಬೆಯಲ್ಲಿ ಒಂದೇ ದಿನ ಅಷ್ಟು ಮಳೆ ಬಿದ್ದರೂ ಅದನ್ನು ಯಾರೂ ಸುದ್ದಿ ಎನ್ನುವುದಿಲ್ಲ.

ಇಂಥ ಊರಲ್ಲಿ ಬೆಳೆಯುತ್ತಿರುವ ನಮ್ಮ ಮಗಳಿಗೆ ಮಳೆಯ ಭಯ ಹಿಡಿಯಿತು ಎಂದರೆ ಊರಿನವರು ಮೊದಲು ನಕ್ಕರು. ನಿಜ ಹೇಳಬೇಕೆಂದರೆ ನಾವೂ ನಕ್ಕಿದ್ದೆವು.

2024ರ ಏಪ್ರಿಲ್. ಈದ್ ರಜೆ ಮುಗಿದು ಶಾಲೆಗಳು ಮತ್ತೆ ಶುರುವಾದ ವಾರ. 14ನೇ ತಾರೀಕು ಭಾನುವಾರ ಒಮಾನ್‌ನ ಉತ್ತರ ಶರ್ಕಿಯಾ ಪ್ರಾಂತ್ಯದ ಸಮದ್ ಅಲ್ ಶಾನ್‌ನಲ್ಲಿ ಮಳೆನೀರು ಏಕಾಏಕಿ ನುಗ್ಗಿ, ಶಾಲೆಯಿಂದ ಮರಳುತ್ತಿದ್ದ ಮಕ್ಕಳೂ ಸೇರಿ ಹಲವರು ಕೊಚ್ಚಿಹೋದರು. ಇಡೀ ದೇಶವೇ ಮೌನವಾದ ದಿನ ಅದು. ಇಲ್ಲಿನ ಭೂಮಿಯ ಗುಣ ಊರಲ್ಲಿರುವವರಿಗೆ ಸುಲಭಕ್ಕೆ ಅರ್ಥವಾಗುವುದಿಲ್ಲ. ಹಜರ್ ಬೆಟ್ಟಸಾಲು ಬರೀ ಕಲ್ಲು. ಬಿದ್ದ ನೀರನ್ನು ಹಿಡಿದಿಟ್ಟುಕೊಳ್ಳಲು ಅಲ್ಲಿ ಕಾಡಿಲ್ಲ, ಹುಲ್ಲಿಲ್ಲ, ಹೀರಿಕೊಳ್ಳಲು ಮಣ್ಣೂ ಇಲ್ಲ. ಬೆಟ್ಟದ ಮೇಲೆ ಎಲ್ಲೋ ಸುರಿದ ಮಳೆ, ವಾದಿ ಎಂದು ಕರೆಯುವ ಒಣ ಹಳ್ಳಗಳಲ್ಲಿ ಗೋಡೆಯಂತೆ ಎದ್ದು ಬರುತ್ತದೆ. ನೀವು ನಿಂತ ಜಾಗದಲ್ಲಿ ಬಿಸಿಲೇ ಇರಬಹುದು. ಅದಕ್ಕೇ ಹರಿಯುವ ವಾದಿಯಲ್ಲಿ ಗಾಡಿ ಇಳಿಸುವುದು ಇಲ್ಲಿ ಶಿಕ್ಷೆಯಾಗುವಂಥ ಅಪರಾಧ.

ಅದೇ ವಾರ ಒಂದು ಸಂಜೆ, ಅಜೈಬಾದ ಒಳರಸ್ತೆಯಲ್ಲಿ ನಮ್ಮ ಕಾರು ನೀರಲ್ಲಿ ನಿಂತುಬಿಟ್ಟಿತು. ದೊಡ್ಡ ಅಪಾಯವೇನೂ ಇರಲಿಲ್ಲ. ನೀರು ಬಾಗಿಲಿನ ಕೆಳಗಿನ ಅಂಚು ಮುಟ್ಟಿತ್ತು ಅಷ್ಟೇ. ಯಾರೋ ಇಬ್ಬರು ಬಂದು ತಳ್ಳಿದರು, ಹದಿನೈದು ನಿಮಿಷದಲ್ಲಿ ಮನೆ ಸೇರಿದೆವು. ಹಿಂದಿನ ಸೀಟಿನಲ್ಲಿದ್ದ ಆರು ವರ್ಷದ ಮಗಳು ಅಳಲಿಲ್ಲ, ಕೂಗಲಿಲ್ಲ. ಹೆದರಿಲ್ಲ ಎಂದುಕೊಂಡೆವು.

ತಪ್ಪು ನಡೆದದ್ದು ಆಮೇಲೆ. ಆ ರಾತ್ರಿ ಊರಿನಿಂದ ಒಂದರ ಹಿಂದೆ ಒಂದು ಫೋನ್. ಟಿವಿಯಲ್ಲಿ ದುಬೈ, ಮಸ್ಕತ್ ಎಂದು ತೋರಿಸುತ್ತಿದ್ದರಲ್ಲ, ಎಲ್ಲರಿಗೂ ಗಾಬರಿ. ಪ್ರತಿಯೊಬ್ಬರಿಗೂ ನಾವು ಅದೇ ಕಥೆ ಹೇಳಿದೆವು, ಹೇಳುತ್ತ ಹೇಳುತ್ತ ನೀರನ್ನು ಒಂದೊಂದು ಗೇಣು ಏರಿಸಿದೆವು. ವಾಟ್ಸ್‌ಆ್ಯಪ್‌ನಲ್ಲಿ ಬಂದ ವಿಡಿಯೊಗಳನ್ನು ಹಾಲ್‌ನಲ್ಲೇ ಕೂತು ದೊಡ್ಡ ಸದ್ದಿನಲ್ಲಿ ನೋಡಿದೆವು. ಶಾಲೆಯ ಮಕ್ಕಳ ಸುದ್ದಿಯನ್ನೂ ಮಾತಾಡಿಕೊಂಡೆವು. ಮಗಳು ಪಕ್ಕದಲ್ಲೇ ಬಣ್ಣ ಹಚ್ಚುತ್ತ ಕೂತಿದ್ದಳು. ಅವಳಿಗೆ ಮಳೆಯಿಂದ ಬಂದ ಭಯ ಕಾಲು ಭಾಗವಾದರೆ ನಮ್ಮ ಬಾಯಿಂದ ಬಂದದ್ದು ಮುಕ್ಕಾಲು ಎಂದು ಈಗ ಅನ್ನಿಸುತ್ತದೆ.

ಮುಂದಿನ ವಾರದಿಂದ ಆಕಾಶದಲ್ಲಿ ಒಂದು ತುಂಡು ಮೋಡ ಕಂಡರೂ ಹೊಟ್ಟೆನೋವು. ಶಾಲೆಯ ವ್ಯಾನ್ ಬಂದು ಹಾರ್ನ್ ಹೊಡೆದರೆ ಸೋಫಾ ಹಿಡಿದುಕೊಂಡು ಬಿಡುತ್ತಿರಲಿಲ್ಲ. ಮಹಡಿಯವರ ಎ.ಸಿ.ಯಿಂದ ನೀರು ತೊಟ್ಟಿಕ್ಕುವ ಸದ್ದಿಗೆ ರಾತ್ರಿ ಎದ್ದು ಕೂರುವಳು. ಷವರ್ ಬೇಡ, ಬಕೆಟ್ಟೇ ಬೇಕು, ಬಚ್ಚಲ ಬಾಗಿಲು ತೆರೆದೇ ಇರಬೇಕು. ಅಜೈಬಾ ಕಡಲ ದಂಡೆಯಲ್ಲಿ ಶುಕ್ರವಾರ ಬೆಳಿಗ್ಗೆ ಮೊಣಕಾಲುದ್ದ ನೀರಲ್ಲಿ ಕುಣಿಯುತ್ತಿದ್ದ ಮಗು ಈಗ ಮರಳಿಗೂ ಇಳಿಯಲೊಲ್ಲಳು.

ನಾವು ಮಾಡಿದ್ದೆಲ್ಲ ಉಲ್ಟಾ. ಮೊದಲು, "ಮಲೆನಾಡಿನವರ ಮಗಳು ಮಳೆಗೆ ಹೆದರೋದಾ?" ಎಂದು ರೇಗಿಸಿದೆವು. ಆಮೇಲೆ ಚಾಕಲೇಟಿನ ಆಸೆ ತೋರಿಸಿದೆವು. ಮೇ ಮೊದಲ ವಾರ ಮತ್ತೆ ಮಳೆ ಬಂದಾಗ ನಮ್ಮಲ್ಲೊಬ್ಬರು (ಯಾರೆಂದು ಬೇಡ, ಮನೆಯಲ್ಲಿ ಇನ್ನೂ ಜಗಳವಿದೆ) ಅವಳನ್ನು ಎತ್ತಿಕೊಂಡು ಬಾಲ್ಕನಿಗೇ ಹೋಗಿ, "ನೋಡು, ಏನೂ ಆಗಲ್ಲ" ಎಂದು ತೋರಿಸಿದರು. ಅವಳು ಉಸಿರು ಕಟ್ಟಿ ಅತ್ತಳು. ಅಂದಿನಿಂದ ಬಾಲ್ಕನಿಯ ಬಾಗಿಲೂ ಬಂದ್.

ಕೆಳಗಿನ ಮನೆಯ ಚೇಚಿ ಅಂದು ಮೆಟ್ಟಿಲು ಹತ್ತಿ ಬಂದರು. ಕಣ್ಣೂರಿನವರು, ಇಪ್ಪತ್ತು ವರ್ಷದಿಂದ ಇಲ್ಲಿ ಶಿಕ್ಷಕಿ. ಬೈಯಲಿಲ್ಲ. ಚಹಾ ಕುಡಿಯುತ್ತ ನಿಧಾನಕ್ಕೆ, "ಅವಳನ್ನು ನೀರಿನ ಹತ್ತಿರ ಕರ್ಕೊಂಡು ಹೋಗಬೇಡಿ. ನೀರನ್ನೇ ಅವಳ ಹತ್ತಿರ ಬರೋಕೆ ಬಿಡಿ. ಅವಸರ ಇಲ್ಲ" ಎಂದರು. ಬಿ.ಎಡ್.ನಲ್ಲಿ ಓದಿದ ಪೀಟರ್ ಎಂಬ ಹುಡುಗನ ಕಥೆಯನ್ನೂ ಹೇಳಿದರು.

ಆ ಕಥೆಯನ್ನು ಆಮೇಲೆ ನಾವೂ ಹುಡುಕಿ ಓದಿದೆವು. ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ 1924ರಲ್ಲಿ ಪ್ರಕಟಿಸಿದ ವರದಿ ಅದು. ಪೀಟರ್‌ಗೆ ಇನ್ನೂ ಮೂರು ತುಂಬಿರಲಿಲ್ಲ. ಮೊಲ ಕಂಡರೆ ಭಯ, ತುಪ್ಪಳದ ಕೋಟು, ಹತ್ತಿ, ಗರಿ ಕಂಡರೂ ಭಯ. ಜೋನ್ಸ್ ಮಾಡಿದ್ದು ಇಷ್ಟೇ: ಅವನು ಇಷ್ಟದ ತಿಂಡಿ ತಿನ್ನುತ್ತ ಕೂತಿರುವಾಗ ಪಂಜರದಲ್ಲಿದ್ದ ಮೊಲವನ್ನು ಕೋಣೆಯ ದೂರದ ಮೂಲೆಯಲ್ಲಿ ಇಡುವುದು. ಮರುದಿನ ಸ್ವಲ್ಪ ಹತ್ತಿರ. ಮೊಲಕ್ಕೆ ಹೆದರದ ಬೇರೆ ಮಕ್ಕಳನ್ನು ಜೊತೆಗೆ ಆಡಲು ಬಿಡುವುದು. ಕೊನೆಗೆ ಮೊಲ ಅವನ ಬೆರಳು ಕಚ್ಚಾಡಿದರೂ ಅವನು ಸುಮ್ಮನಿದ್ದ. ನಡುವೆ ಒಂದು ಎಡವಟ್ಟು ಆಗಿತ್ತು. ಕಾಯಿಲೆ ಬಿದ್ದು ಆಸ್ಪತ್ರೆಯಿಂದ ಮರಳುವಾಗ ದೊಡ್ಡ ನಾಯಿಯೊಂದು ಮೇಲೆರಗಲು ಬಂತು, ಹೋಗಿದ್ದ ಭಯ ಪೂರ್ತಿ ವಾಪಸ್. ಮತ್ತೆ ಮೊದಲಿಂದ ಶುರು ಮಾಡಿದರು. 1967ರಲ್ಲಿ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು ನಾಯಿಗೆ ಹೆದರುವ ಮೂರರಿಂದ ಐದು ವರ್ಷದ ಮಕ್ಕಳಿಗೆ, ಅವರದೇ ಓರಗೆಯ ಒಬ್ಬ ಹುಡುಗ ನಾಯಿಯ ಜೊತೆ ಆಡುವುದನ್ನು ತೋರಿಸಿದರು. ನಾಲ್ಕು ದಿನ ನೋಡಿದ ಮಕ್ಕಳಲ್ಲಿ ಅನೇಕರು ತಾವೂ ನಾಯಿಯ ಬಳಿ ಹೋದರು. ದೊಡ್ಡವರ ಉಪದೇಶ ಮಾಡಲಾರದ್ದನ್ನು ಪಕ್ಕದ ಹುಡುಗನೊಬ್ಬ ಮಾಡಿಬಿಡುತ್ತಾನೆ ಎನ್ನುವುದು ನಮಗೆ ಸ್ವಲ್ಪ ಅವಮಾನ, ಸ್ವಲ್ಪ ಸಮಾಧಾನ.

ನಮ್ಮಲ್ಲಿ ಮೊಲ ಇರಲಿಲ್ಲ, ಮಳೆಯನ್ನು ಪಂಜರದಲ್ಲಿಟ್ಟು ತರುವಂತೆಯೂ ಇಲ್ಲ. ಶುಕ್ರವಾರದ ಕಡಲ ದಂಡೆಯಿಂದಲೇ ಶುರು ಮಾಡಿದೆವು. ಮೊದಲ ವಾರ ಕಾರಿನೊಳಗೇ ಕೂತು ಇಡ್ಲಿ ತಿಂದೆವು. ಎರಡನೆಯ ವಾರ ಕಾರಿನ ಹೊರಗೆ, ಚಾಪೆ ಹಾಸಿ. ಚೇಚಿಯ ಮೊಮ್ಮಗ, ಎಂಟು ವರ್ಷದವನು, ನೀರಿನಂಚಿನಲ್ಲಿ ಏಡಿ ಹಿಡಿಯುತ್ತಿದ್ದ. ಅವನಿಗೆ ಮೊದಲೇ ಹೇಳಿಕೊಟ್ಟಿದ್ದೆವು, "ಬಾ ಅಂತ ಕರೀಬೇಡ" ಎಂದು. ಪಾಪ, ಅವನು ಮಾತು ಉಳಿಸಿಕೊಂಡ. ಹಿಡಿದ ಏಡಿಯನ್ನು ತಂದು ತೋರಿಸಿ ಮತ್ತೆ ಓಡುತ್ತಿದ್ದ. ಪಕ್ಕದ ಮನೆಯ ಒಮಾನಿ ಅಜ್ಜಿಯೂ ಕೆಲವು ದಿನ ಅಲ್ಲಿಗೆ ನಡೆದು ಬರುತ್ತಿದ್ದರು. ವಿಷಯ ತಿಳಿದು ಮಗಳ ತಲೆ ಸವರಿ, "ಶ್ವಯ್ ಶ್ವಯ್" ಎಂದರು. ನಿಧಾನ, ನಿಧಾನ. ಮಳೆಯನ್ನು ಅವರು ಮಳೆ ಎನ್ನುವುದಿಲ್ಲ, ರಹ್ಮಾ ಎನ್ನುತ್ತಾರೆ, ಕರುಣೆ ಎಂದು ಅರ್ಥ. ಏಪ್ರಿಲ್‌ನ ಅಷ್ಟು ಸಾವಿನ ನಂತರವೂ ಹಾಗೇ ಎನ್ನುತ್ತಿದ್ದರು. ಮಗಳು ಅದನ್ನು ಪರೀಕ್ಷಿಸುವಂತೆ ಅವರ ಮುಖ ನೋಡುತ್ತಿದ್ದಳು.

ನಿಜ್ವಾಗೆ ಕರೆದುಕೊಂಡು ಹೋಗಿ ಎಂದದ್ದು ಅದೇ ಅಜ್ಜಿಯ ಮಗ. ಅಜೈಬಾದಿಂದ ಒಂದೂವರೆ ಗಂಟೆಯ ದಾರಿ. ಅಲ್ಲಿನ ಫಲಜ್ ದಾರಿಸ್ ಎಂಬ ಕಾಲುವೆ, 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಒಮಾನ್‌ನ ಐದು ಫಲಜ್‌ಗಳಲ್ಲೊಂದು. ನೆಲದಡಿಯ ನೀರನ್ನು ಯಾವ ಪಂಪೂ ಇಲ್ಲದೆ, ಬರೀ ಇಳಿಜಾರಿನ ಲೆಕ್ಕದಲ್ಲಿ ತೋಟಕ್ಕೆ ಹರಿಸುವ ವ್ಯವಸ್ಥೆ ಇದು. ಇಂಥ ಸುಮಾರು 3,000 ಕಾಲುವೆಗಳು ದೇಶದಲ್ಲಿ ಇನ್ನೂ ಬಳಕೆಯಲ್ಲಿವೆ. ಕಾಸರಗೋಡು, ದಕ್ಷಿಣ ಕನ್ನಡದವರಿಗೆ ನೋಡಿದ ಕೂಡಲೇ ತಮ್ಮ ಸುರಂಗ ನೆನಪಾಗುತ್ತದೆ. ಅಡ್ಯನಡ್ಕದ ಬಳಿ ಒಬ್ಬರೇ ಗುಡ್ಡ ಕೊರೆದು ನೀರು ತಂದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಓದುಗರಿಗೆ ಗೊತ್ತಿರುತ್ತದೆ. ನಮಗೆ ನೆನಪಾದದ್ದು ಮನೆಯ ಹಿಂದಿನ ಗುಡ್ಡದಿಂದ ಅಡಿಕೆ ದಂಬೆಯಲ್ಲಿ ಇಳಿದು ಬರುತ್ತಿದ್ದ ಅಬ್ಬಿ ನೀರು. ಫಲಜ್‌ನ ನೀರು ಸದ್ದಿಲ್ಲದೆ ಹರಿಯುತ್ತದೆ, ತಳ ಕಾಣುತ್ತದೆ. ಅಂಚಿನಲ್ಲಿ ನಾಲ್ಕೈದು ಒಮಾನಿ ಮಕ್ಕಳು ಕಾಲು ಇಳಿಬಿಟ್ಟು ಕೂತಿದ್ದರು. ಒಂದು ಗಂಟೆ ನಮ್ಮ ಹಿಂದೆಯೇ ನಿಂತಿದ್ದ ಮಗಳು, ಅವರಲ್ಲೊಬ್ಬಳು ಸ್ವಲ್ಪ ಸರಿದು ಜಾಗ ಬಿಟ್ಟಾಗ, ಚಪ್ಪಲಿ ಬಿಚ್ಚಿದಳು. ನಾವು ಬೇರೆ ಕಡೆ ನೋಡುತ್ತಿರುವಂತೆ ನಟಿಸಿದೆವು. ಭಾಷೆ ಬಾರದ ಆ ಇಬ್ಬರು ಹುಡುಗಿಯರು ಅರ್ಧ ಗಂಟೆ ನೀರಿನಲ್ಲಿ ಎಲೆ ಬಿಡುತ್ತ ಕೂತರು.

ಇಷ್ಟಾಗುವ ಹೊತ್ತಿಗೆ ಜೂನ್ ಬಂತು. ಇಲ್ಲಿನ ಭಾರತೀಯ ಶಾಲೆಗಳಿಗೆ ಬೇಸಿಗೆ ರಜೆ ಎಂದರೆ ನಮ್ಮೂರಿನ ಮುಂಗಾರು. ಕೊಲ್ಲಿಯಲ್ಲಿರುವ ಎಲ್ಲ ಮಲೆನಾಡು, ಕರಾವಳಿ ಮನೆಗಳ ಪಾಡು ಇದೇ. ನಮ್ಮ ಮಕ್ಕಳಿಗೆ ಊರು ಎಂದರೆ ಒದ್ದೆ ಬಟ್ಟೆಯ ವಾಸನೆ. ಈ ವರ್ಷ ಹೋಗುವುದೇ ಬೇಡವೇ ಎಂದು ಚರ್ಚೆ ನಡೆಯಿತು. ಅಜ್ಜನೇ ಫೋನಿನಲ್ಲಿ, "ಕಳ್ಸಿ ನೀವು. ಮಳೆ ನಿಲ್ಸೋಕೆ ನನ್ನಿಂದ ಆಗಲ್ಲ. ಜೊತೆಗೆ ಕೂತ್ಕೊಳ್ಳೋಕೆ ಆಗುತ್ತೆ" ಎಂದರು.

ಮೃಗಶಿರಾ ಮಳೆ ಹಿಡಿದಿತ್ತು. ಮಂಗಳೂರಿನಿಂದ ಘಾಟಿ ಹತ್ತಿ ಮನೆ ಮುಟ್ಟುವವರೆಗೂ ಮಗಳು ದುಪಟ್ಟಾದೊಳಗೆ ಮುಖ ಹುದುಗಿಸಿ ಕೂತಿದ್ದಳು. ಮನೆಯಲ್ಲಿ ಯಾರೂ, "ಏನೇ, ಮಳೆಗೆ ಹೆದರ್ತೀಯಂತೆ?" ಎಂದು ಕೇಳಲಿಲ್ಲ. ಅಜ್ಜಿ ಎಲ್ಲರಿಗೂ ತಾಕೀತು ಮಾಡಿದ್ದರು ಎಂದು ಆಮೇಲೆ ತಿಳಿಯಿತು. ಮೊದಲೆರಡು ದಿನ ಅಡುಗೆಮನೆಯ ಒಲೆ ಮುಂದೆ. ಮೂರನೆಯ ದಿನ ಅಜ್ಜಿ ಹಲಸಿನ ಹಪ್ಪಳ ಸುಟ್ಟು ಒಳಗೆ ಕೊಡದೆ, ಜಗಲಿಯ ಒಳಗೋಡೆಗೆ ಒರಗಿ ಕೂತು ತಿನ್ನತೊಡಗಿದರು. ಹಪ್ಪಳ ಬೇಕಾದರೆ ಜಗಲಿಗೆ ಬರಬೇಕು. ಬಂದಳು. ದಿನಕ್ಕೊಂದು ಮೊಳ ಅಜ್ಜಿ ಅಂಗಳದ ಕಡೆ ಸರಿದರು. ಮೇರಿ ಕವರ್ ಜೋನ್ಸ್ ಹೆಸರನ್ನು ನಮ್ಮತ್ತೆ ಕೇಳಿರಲು ಸಾಧ್ಯವಿಲ್ಲ.

ದೊಡ್ಡಪ್ಪನ ಮಕ್ಕಳಿಬ್ಬರಿಗೆ ಊರಲ್ಲಿ ಶಾಲೆ ನಡೆಯುತ್ತಿತ್ತು. ಬೆಳಿಗ್ಗೆ ಎಂಟೂವರೆಗೆ ರೇನ್‌ಕೋಟ್ ಹಾಕಿಕೊಂಡು, ಕೆಸರಿನಲ್ಲಿ ಬೇಕಂತಲೇ ಕಾಲಿಟ್ಟು ಬೈಸಿಕೊಂಡು ಹೊರಡುತ್ತಿದ್ದರು. ಸಂಜೆ ಅರ್ಧ ತೊಯ್ದು, ನಗುತ್ತ ವಾಪಸ್. ಹತ್ತು ದಿನ ಇದನ್ನು ಜಗಲಿಯಿಂದ ನೋಡಿದ ಮೇಲೆ ಒಂದು ಸಂಜೆ ಅವಳೇ ಕೇಳಿದಳು, "ಅಣ್ಣಾ, ನಿಂಗೆ ಹೆದ್ರಿಕೆ ಆಗಲ್ವಾ?" ಒಂಬತ್ತು ವರ್ಷದ ಅಣ್ಣ ಹೇಳಿದ ಉತ್ತರ ನಮ್ಮ ಯಾರ ಬಾಯಲ್ಲೂ ಬರುತ್ತಿರಲಿಲ್ಲ. "ಗುಡುಗಿಗೆ ಆಗುತ್ತೆ. ಆವಾಗ ಒಂದು, ಎರಡು ಎಣಿಸ್ತೀನಿ. ಎಣಿಸ್ತಾ ಎಣಿಸ್ತಾ ಮುಗ್ದು ಹೋಗುತ್ತೆ." ಮಿಂಚಿಗೂ ಗುಡುಗಿಗೂ ನಡುವೆ ಸುಮಾರು ಮೂರು ಸೆಕೆಂಡ್ ಆದರೆ ಸಿಡಿಲು ಒಂದು ಕಿಲೋಮೀಟರ್ ದೂರ ಎಂಬ ಲೆಕ್ಕವನ್ನು ಮೇಷ್ಟ್ರು ಅವನಿಗೆ ಹೇಳಿಕೊಟ್ಟಿದ್ದರಂತೆ. ಹೆದರದ ಅಣ್ಣನಿಗಿಂತ, ಹೆದರಿಯೂ ಶಾಲೆಗೆ ಹೋಗುವ ಅಣ್ಣ ಅವಳಿಗೆ ಹೆಚ್ಚು ಹತ್ತಿರವಾದ. ಅಂದಿನಿಂದ ಇಬ್ಬರೂ ಸೇರಿ ಎಣಿಸುವುದು.

ಅಜ್ಜನದು ಬೇರೆಯೇ ದಾರಿ. "ಹೆದರೋಕೆ ಏನಿದೆ?" ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಹೇಳುವಂತೆಯೂ ಇರಲಿಲ್ಲ. ಕಾಲುಸಂಕ ದಾಟುವಾಗ ಹಳ್ಳಕ್ಕೆ ಬಿದ್ದ ಶಾಲೆಯ ಮಕ್ಕಳ ಸುದ್ದಿ ನಮ್ಮ ಮಲೆನಾಡು, ಕರಾವಳಿಗೂ ಹೊಸತಲ್ಲ. ಸರ್ಕಾರ 'ಶಾಲಾ ಸಂಪರ್ಕ ಸೇತು' ಎಂದು ಕಿರುಸೇತುವೆಗಳನ್ನು ಕಟ್ಟಿಸಬೇಕಾಗಿ ಬಂದದ್ದು ಅದಕ್ಕೇ. ಆರಿದ್ರಾ ಮಳೆಯ ಒಂದು ಬಿಡುವಿನಲ್ಲಿ ಅಜ್ಜ ಕಂಬಳಿಕೊಪ್ಪೆ ಹಾಕಿಕೊಂಡು, ಅವಳನ್ನು ಕೊಡೆಯ ಕೆಳಗೆ ತೋಟದ ಹಳ್ಳದವರೆಗೆ ಕರೆದೊಯ್ದರು. ದೂರದಲ್ಲೇ ನಿಂತು, "ನೋಡು ಮಾರಾಯ್ತಿ, ನೀರು ಕೆಂಪಗಿದ್ರೆ, ಕಸಕಡ್ಡಿ ತೇಲಿ ಬರ್ತಿದ್ರೆ, ನಾನೂ ಇಳಿಯಲ್ಲ. ಅರವತ್ತು ವರ್ಷದಿಂದ ಇಳಿದಿಲ್ಲ. ತಿಳಿಯಾಗಿ, ಕಲ್ಲು ಕಾಣೋ ಹಂಗಿದ್ರೆ ಕೋಲು ಊರಿ ಇಳೀತೀನಿ. ಅಂಗಳದ ನೀರಿಗೆ ಯಾರೂ ಹೆದರಬೇಕಿಲ್ಲ" ಎಂದರು. ಮೂರು ಬಗೆಯ ನೀರು. ಎಲ್ಲ ನೀರೂ ಒಂದೇ ಎಂದು ಹೆದರಿದ್ದ ಮಗುವಿಗೆ ಬೇಕಾಗಿದ್ದುದು ಈ ವಿಂಗಡಣೆಯೇ ಇರಬೇಕು. ಮರುದಿನದಿಂದ ಮನೆಯ ಸುತ್ತ ಹರಿಯುವ ಪ್ರತಿ ನೀರನ್ನೂ ತೋರಿಸಿ, "ಅಜ್ಜಾ, ಇದು ಯಾವ ನೀರು?" ಎಂದು ತಲೆ ತಿಂದಳು. ಅಂಗಳದಲ್ಲಿ ಕಾಗದದ ದೋಣಿ ಬಿಟ್ಟದ್ದು ಜುಲೈ ಮೊದಲ ವಾರ. ಆ ವಿಡಿಯೊ ಅಜೈಬಾಕ್ಕೆ ಬಂದಾಗ ಚೇಚಿ ನಮಗಿಂತ ಮೊದಲು ಕಣ್ಣೊರೆಸಿಕೊಂಡರು.

ಪೀಟರ್‌ನ ನಾಯಿ ನಮ್ಮ ಮನೆಗೂ ಬಂತು. ಜುಲೈ ಮಧ್ಯದಲ್ಲಿ ಮಳೆ ಹೊಯ್ದ ರೀತಿ ಎಲ್ಲರಿಗೂ ನೆನಪಿದೆ. ಶಾಲೆಗಳಿಗೆ ರಜೆ, ಮೂರು ದಿನ ಕರೆಂಟಿಲ್ಲ. 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಕರೆಂಟ್ ಬಂದ ರಾತ್ರಿ ಟಿವಿ ಹಾಕಿದರೆ ಅದೇ ದೃಶ್ಯ ಮತ್ತೆ ಮತ್ತೆ. ಮಗಳು ಮತ್ತೆ ಒಲೆ ಮುಂದೆ ಸೇರಿಕೊಂಡಳು, ಹಾಸಿಗೆ ಒದ್ದೆಯಾಯಿತು. ಈ ಸಲ ಮಾತ್ರ ನಾವು ತಡಮಾಡಲಿಲ್ಲ. ಟಿವಿ ಆರಿತು. ಸುದ್ದಿ ಬೇಕಾದವರು ತೋಟದ ಕಡೆ ಹೋಗಿ ಮೊಬೈಲಿನಲ್ಲಿ ನೋಡಿದರು. ಕೇಳಿದ್ದಕ್ಕೆ ಸುಳ್ಳು ಹೇಳಲಿಲ್ಲ, ಹೌದು, ಗುಡ್ಡ ಜಾರಿದೆ, ನಮ್ಮ ಮನೆಯಿಂದ ದೂರ, ಜನ ಸಹಾಯಕ್ಕೆ ಹೋಗಿದ್ದಾರೆ ಎಂದು ಮೂರೇ ಮಾತು. ಅಜ್ಜಿ ಮತ್ತೆ ಹಪ್ಪಳದ ತಟ್ಟೆ ಹಿಡಿದು ಜಗಲಿಯ ಒಳಗೋಡೆಗೆ ಹೋಗಿ ಕೂತರು. ಎರಡನೆಯ ಸಲ ಅಂಗಳ ಮುಟ್ಟಲು ಆರೇ ದಿನ ಸಾಕಾಯಿತು.

ಈ ಪುಟ ಓದುವ ಊರಿನ ಹಿರಿಯರಲ್ಲಿ ಒಂದು ಕೋರಿಕೆ. ದೂರದಲ್ಲಿರುವ ಮೊಮ್ಮಗುವಿಗೆ ಭಯ ಹಿಡಿದಿದೆ ಎಂದು ಗೊತ್ತಾದರೆ ದಿನಾ ಫೋನಿನಲ್ಲಿ "ಹೆದ್ರಿಕೆ ಹೋಯ್ತಾ?" ಎಂದು ಕೇಳಬೇಡಿ. ಮರೆತದ್ದನ್ನು ನೆನಪಿಸಿದಂತಾಗುತ್ತದೆ. ಬೆಕ್ಕು ಮರಿ ಹಾಕಿದ ಸುದ್ದಿ ಹೇಳಿ. ತಿಂಗಳುಗಟ್ಟಲೆ ನಿದ್ದೆ, ಊಟ, ಶಾಲೆ ಮೂರೂ ಕೆಟ್ಟರೆ ಮಾತ್ರ ಮಂತ್ರ, ತಾಯಿತದಲ್ಲಿ ಕಾಲ ಕಳೆಯದೆ ಮಕ್ಕಳ ವೈದ್ಯರನ್ನು ಕಾಣುವುದೇ ಸರಿ. ಊರಲ್ಲಿದ್ದಾಗ 14416ಕ್ಕೆ ಕರೆ ಮಾಡಿದರೆ ಟೆಲಿ ಮನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ವಿಭಾಗವಿದೆ. ನಮಗೆ ಅಷ್ಟು ದೂರ ಹೋಗುವ ಪ್ರಮೇಯ ಬರಲಿಲ್ಲ, ಬಂದಿದ್ದರೆ ನಾಚಿಕೆಪಡುತ್ತಲೂ ಇರಲಿಲ್ಲ.

ಅಕ್ಟೋಬರ್ ಮಧ್ಯದಲ್ಲಿ ಒಮಾನ್‌ಗೆ ಮತ್ತೆ ವಾಯುಭಾರ ಕುಸಿತದ ಎಚ್ಚರಿಕೆ ಬಂತು. ನಮ್ಮ ಎದೆಯೇ ಮೊದಲು ಡವಡವ ಎಂದಿತು. ಮಧ್ಯಾಹ್ನದ ಹೊತ್ತಿಗೆ ಅಜೈಬಾದ ಮೇಲೆ ಮೋಡ ಕವಿದು ಹನಿ ಶುರುವಾಯಿತು. ಮಗಳು ಬಾಲ್ಕನಿಯ ಗಾಜಿನ ಬಾಗಿಲಿಗೆ ಮೂಗು ಒತ್ತಿ ನಿಂತಿದ್ದಳು, ಬಾಗಿಲು ತೆರೆಯಲಿಲ್ಲ. ಒಂದು ಕೈಯಲ್ಲಿ ಕರ್ಟನ್ ಬಿಗಿಯಾಗಿ ಹಿಡಿದಿದ್ದಳು. ಗುಡುಗಿದಾಗ ತುಟಿ ಅಲುಗಾಡುತ್ತಿದ್ದುದು ಕಾಣಿಸಿತು. ಸ್ವಲ್ಪ ಹೊತ್ತಿಗೆ ಊರಿಗೆ ವಿಡಿಯೊ ಕಾಲ್ ಮಾಡಿ ಎಂದಳು. ಫೋನನ್ನು ಗಾಜಿಗೆ ಹಿಡಿದು, ಕೆಳಗಿನ ರಸ್ತೆಯನ್ನು ತೋರಿಸಿ ಅಜ್ಜನಿಗೆ ವರದಿ ಒಪ್ಪಿಸಿದಳು.

"ಅಜ್ಜಾ, ಇದು ಕೆಂಪು ನೀರು. ಕಸ ತೇಲ್ತಿದೆ. ಇವತ್ತು ಕಾರ್ ತೆಗೀಬಾರ್ದು ಅಂತ ಅಪ್ಪಂಗೆ ನೀವೇ ಹೇಳಿ. ನಾನು ಹೇಳಿದ್ರೆ ಕೇಳಲ್ಲ."

ಆ ಸಂಜೆ ಕಾರು ತೆಗೆಯಲಿಲ್ಲ. ಹಾಲು ತರಲು ಮಳೆ ನಿಂತ ಮೇಲೆ ಇಬ್ಬರೂ ನಡೆದೇ ಹೋದರು, ಅವಳು ಕೊಡೆ ಹಿಡಿದುಕೊಂಡು. ಬಚ್ಚಲ ಬಾಗಿಲು ಮಾತ್ರ ಇವತ್ತಿಗೂ ತೆರೆದೇ ಇರಬೇಕು.